ಮೋರಿಯಲ್ಲಿ ನೀರುನಾಯಿ, ಮಹಡಿಯಲ್ಲಿ ಮಂಗಟ್ಟೆ

ಊರಿನ ಅಳತೆಯಿಂದಲೇ ಶುರು ಮಾಡೋಣ. ಸಿಂಗಪುರದ ನೆಲ ಸುಮಾರು 735 ಚದರ ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಅಷ್ಟರಲ್ಲಿ ಸುಮಾರು 60 ಲಕ್ಷ ಜನ. 1819ರಲ್ಲಿ ಬ್ರಿಟಿಷರು ಬಂದಿಳಿದಾಗ ದ್ವೀಪದ ತುಂಬ ಮಳೆಕಾಡು, ಅಂಚಿಗೆ ಕಾಂಡ್ಲಾ, ಅಂದರೆ ಉಪ್ಪುನೀರಿನ ಮ್ಯಾಂಗ್ರೋವ್ ಕಾಡು. ಆಮೇಲಿನ ಕೆಲವೇ ದಶಕಗಳಲ್ಲಿ ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟಗಳು ಆ ಕಾಡನ್ನು ನುಂಗಿದವು. ಗ್ಯಾಂಬಿಯರ್ ಅಂದರೆ ನಮ್ಮ ಕಾಚಿನಂಥ ಸರಕು, ಚರ್ಮ ಹದ ಮಾಡುವುದಕ್ಕೂ ಆಗುತ್ತದೆ, ವೀಳ್ಯದ ಜೊತೆ ಅಗಿಯುವುದಕ್ಕೂ ಆಗುತ್ತದೆ. ಅದರ ಎಲೆಯನ್ನು ಗಂಟೆಗಟ್ಟಲೆ ಕುದಿಸಿ ಇಳಿಸಬೇಕು, ಕುದಿಸಲು ಸೌದೆ ಬೇಕು. ಹಾಗಾಗಿ ತೋಟಕ್ಕೆಂದು ಕಡಿದ ಕಾಡು ಒಂದು ಪಾಲಾದರೆ, ಒಲೆಗೆ ಹೋದ ಕಾಡು ಇನ್ನೊಂದು ಪಾಲು. ಮಣ್ಣಿನ ಸಾರ ತೀರಿದ ಮೇಲೆ ತೋಟ ಬಿಟ್ಟು ಮುಂದಿನ ಕಾಡಿಗೆ ಕೈ. 1854ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಆಲ್ಫ್ರೆಡ್ ರಸಲ್ ವ್ಯಾಲೇಸ್ ಬುಕಿತ್ ತಿಮಾ ಗುಡ್ಡದಲ್ಲಿ ಎರಡು ತಿಂಗಳಲ್ಲಿ ಸುಮಾರು 700 ಜಾತಿಯ ಜೀರುಂಡೆಗಳನ್ನು ಹಿಡಿದಾಗ ಅವನ ಸುತ್ತ ಉಳಿದಿದ್ದದ್ದು ಹೀಗೆ ಕಡಿದು ಬಿಟ್ಟ ಕಾಡಿನ ತುಂಡುಗಳು. ಆ ಗುಡ್ಡ ಇಂದು 163 ಹೆಕ್ಟೇರಿನ ರಕ್ಷಿತ ವನ. ಹುಲಿ 1930ರ ದಶಕದ ಹೊತ್ತಿಗೆ ಹೋಯಿತು.

ಇಷ್ಟಾದರೂ ಪೇಟೆ ನಡುವಿನ ಕಾಲುವೆಯಲ್ಲಿ ನೀರುನಾಯಿ ಈಜುತ್ತದೆ, ಹತ್ತನೇ ಮಹಡಿಯ ಕಂಬಿಯ ಮೇಲೆ ಮಂಗಟ್ಟೆ ಬಂದು ಕೂರುತ್ತದೆ, ಮಳೆನೀರಿನ ಮೋರಿಯಲ್ಲಿ ಹೆಬ್ಬಾವು ಮಲಗಿರುತ್ತದೆ. ನೋಡಿದವರು ಮೊದಲು ಕೇಳುವ ಪ್ರಶ್ನೆ, "ಪಾಪ, ಇವು ತಿನ್ನೋದಾದರೂ ಏನು?" ಪ್ರಶ್ನೆಯೇ ದಿಕ್ಕು ತಪ್ಪಿದೆ. ತಿನ್ನಲು ಇಲ್ಲಿ ಧಾರಾಳ ಇದೆ. ಮೋರಿ ತುಂಬ ಇಲಿ, ಕೆರೆ ತುಂಬ ಮೀನು, ರಸ್ತೆಬದಿಯಲ್ಲಿ ಹಣ್ಣಿನ ಮರ. ಒಂದೊಂದು ಪ್ರಾಣಿಗೂ ಇಲ್ಲಿ ಕಡಿಮೆಯಾಗಿರುವುದು ಯಾವುದೋ ಒಂದು ವಸ್ತು. ಒಂದಕ್ಕೆ ಒಣ ದಡ, ಒಂದಕ್ಕೆ ಪೊಟರೆ, ಇನ್ನೊಂದಕ್ಕೆ ರಸ್ತೆಯ ಆಚೆಗೆ ಚಾಚಿದ ಕೊಂಬೆ. ಆ ಒಂದನ್ನು ಸರಿಯಾಗಿ ಗುರುತಿಸಿದ ಕಡೆ ಪ್ರಾಣಿ ಮರಳಿದೆ. ಗುರುತಿಸದೆ ಊಟ ಹಾಕಿದ ಕಡೆ ಜಗಳ ಹುಟ್ಟಿದೆ.

ನೀರುನಾಯಿಯನ್ನೇ ತೆಗೆದುಕೊಳ್ಳಿ. ಇಲ್ಲಿನದು ನುಣುಪು ತುಪ್ಪಳದ ಜಾತಿ, ಕಾವೇರಿಯಲ್ಲೂ ತುಂಗಭದ್ರೆಯಲ್ಲೂ ಇರುವುದು ಇದೇ. 2015ರಲ್ಲಿ ಕರ್ನಾಟಕ ಸರ್ಕಾರ ಹಂಪಿಯ ಆಸುಪಾಸಿನ 34 ಕಿ.ಮೀ. ಹೊಳೆಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಇದೇ ಪ್ರಾಣಿಗಾಗಿ. ಸಿಂಗಪುರದಲ್ಲಿ 1970ರ ದಶಕದ ಹೊತ್ತಿಗೆ ಇದು ಕಣ್ಮರೆಯಾಗಿತ್ತು. ಹಂದಿ ಸಾಕಣೆ, ಬಾತುಕೋಳಿ ಸಾಕಣೆ, ದೋಣಿ ದುರಸ್ತಿ, ಬೀದಿ ಹೋಟೆಲು, ಎಲ್ಲದರ ಕೊಳೆಯೂ ಸಿಂಗಪುರ ನದಿಗೂ ಕಲಾಂಗ್ ನದಿಗೂ ಸೇರುತ್ತಿತ್ತು. 1977ರಿಂದ 1987ರವರೆಗೆ ಹತ್ತು ವರ್ಷ ಹಿಡಿದು ಎರಡನ್ನೂ ತೊಳೆದರು. 1998ರಲ್ಲಿ ಉತ್ತರದ ಸುಂಗೈ ಬುಲೋ ಕಾಂಡ್ಲಾದಲ್ಲಿ ನೀರುನಾಯಿ ಮತ್ತೆ ಕಂಡಿತು. ಜೊಹೊರ್ ಜಲಸಂಧಿ ಈಜಿ ಮಲೇಷ್ಯಾ ಕಡೆಯಿಂದ ತಾನಾಗಿ ಬಂದದ್ದು, ಯಾರೂ ತಂದು ಬಿಟ್ಟದ್ದಲ್ಲ.

ನೀರು ಶುದ್ಧವಾಯಿತು, ಮೀನು ಬಂತು. ಅಷ್ಟೇ ಸಾಕಿತ್ತೇ? ಇಲ್ಲ. ನೀರುನಾಯಿಗೆ ತಿಮಿಂಗಿಲಕ್ಕಿರುವಂತೆ ಚರ್ಮದಡಿ ಕೊಬ್ಬಿನ ಪದರ ಇಲ್ಲ. ಮೈ ಬೆಚ್ಚಗಿಡುವುದು ಎರಡು ಪದರದ ತುಪ್ಪಳ, ಅದರ ನಡುವೆ ಸಿಕ್ಕಿಕೊಂಡ ಗಾಳಿ. ತುಪ್ಪಳ ಕೊಳೆಯಾದರೆ, ಜಡ್ಡುಗಟ್ಟಿದರೆ ಗಾಳಿ ನಿಲ್ಲುವುದಿಲ್ಲ. ಅದಕ್ಕೇ ಪ್ರತಿ ಸಲ ನೀರಿಂದ ಎದ್ದಾಗಲೂ ಮರಳಲ್ಲೋ ಹುಲ್ಲಲ್ಲೋ ಉರುಳಾಡಿ ಮೈ ಒಣಗಿಸಿಕೊಳ್ಳಬೇಕು. ಸಮುದ್ರದ ನೀರಲ್ಲಿ ಈಜಿದ್ದರೆ ಸಿಹಿನೀರಲ್ಲಿ ಉಪ್ಪು ತೊಳೆದುಕೊಳ್ಳಬೇಕು. ಮರಿ ಹಾಕಲು ನೀರಿನ ಮಟ್ಟಕ್ಕಿಂತ ಮೇಲೆ ಒಣ ಬಿಲ ಬೇಕು. ಇಲ್ಲಿನ ದೊಡ್ಡ ಕಾಲುವೆಗಳ ಗೋಡೆ ನೆಟ್ಟಗೆ ನಿಂತ ಕಾಂಕ್ರೀಟು. ದೊಡ್ಡವು ಹೇಗೋ ಹತ್ತಿಕೊಳ್ಳುತ್ತವೆ, ಮರಿಗೆ ಕಾಲೂರಲು ಏನೂ ಇಲ್ಲ. ಜೋರು ಮಳೆ ಸುರಿದರೆ ಅರ್ಧ ಗಂಟೆಯೊಳಗೆ ಕಾಲುವೆ ತುಂಬುತ್ತದೆ, ಮರಿ ಕೊಚ್ಚಿಹೋಗುತ್ತದೆ.

ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿನಲ್ಲಿ ನಡೆದ ಕೆಲಸ ಇಲ್ಲಿ ಮುಖ್ಯವಾಗುತ್ತದೆ. ಕಲಾಂಗ್ ನದಿಯ 2.7 ಕಿ.ಮೀ. ನೇರ ಕಾಂಕ್ರೀಟು ಕಾಲುವೆಯನ್ನು ಒಡೆದು 3.2 ಕಿ.ಮೀ. ಅಂಕುಡೊಂಕಾದ ಹೊಳೆ ಮಾಡಿದರು, 2012ರಲ್ಲಿ ಮುಗಿಯಿತು. ಕಾಂಕ್ರೀಟು ಕಿತ್ತು ಮಣ್ಣು ಸುರಿದರೆ ಮುಗಿಯಿತು ಎಂದುಕೊಳ್ಳಬೇಡಿ. ಇಲ್ಲಿನ ಮಳೆಗೆ ಬರಿಮಣ್ಣಿನ ದಡ ಒಂದು ವಾರವೂ ನಿಲ್ಲುವುದಿಲ್ಲ. ಹಾಗಾಗಿ 2009ರಲ್ಲಿ ಮೊದಲು 60 ಮೀಟರ್ ಉದ್ದದ ಒಂದು ಚರಂಡಿಯಲ್ಲಿ ಹತ್ತು ಬಗೆಯ ದಡ ಕಟ್ಟಿ ನೋಡಿದರು. ಹಸಿ ಕಡ್ಡಿಗಳನ್ನು ಹೊರೆ ಕಟ್ಟಿ ಇಳಿಜಾರಿಗೆ ಅಡ್ಡಲಾಗಿ ಹೂಳುವುದು, ಬಂಡೆಗಳ ಸಂದಿಯಲ್ಲಿ ಚಿಗುರುವ ಕಡ್ಡಿ ಸಿಕ್ಕಿಸುವುದು, ಬಟ್ಟೆಯಂಥ ಹಾಸು ಹಾಸಿ ಅದರೊಳಗಿಂದ ಗಿಡ ಬೆಳೆಸುವುದು. ತತ್ವ ಒಂದೇ: ಮೊದಲ ಕೆಲವು ತಿಂಗಳು ಕಲ್ಲು ಮತ್ತು ಹಾಸು ಮಣ್ಣನ್ನು ಹಿಡಿದಿಡಬೇಕು, ಅಷ್ಟರಲ್ಲಿ ಬೇರಿಳಿದು ಆ ಕೆಲಸವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಹೊಳೆ ತಿರುಗುವಲ್ಲಿ ನೀರು ಹೊಡೆಯುವುದು ಹೊರಮಗ್ಗುಲಿಗೆ, ಅಲ್ಲಿ ಭಾರದ ಬಂಡೆ ಬೇಕು. ಒಳಮಗ್ಗುಲಿನಲ್ಲಿ ನೀರು ನಿಧಾನ, ಅಲ್ಲಿ ಗಿಡವೇ ಸಾಕು, ಮರಳೂ ತಾನಾಗಿ ನಿಲ್ಲುತ್ತದೆ. ಪಾರ್ಕಿನ ಹುಲ್ಲುಗಾವಲೇ ಪ್ರವಾಹದ ಬಯಲು. ನೀರು ಏರಿದಾಗ ಸೈರನ್ ಕೂಗುತ್ತದೆ, ದೀಪ ಮಿಟುಕುತ್ತದೆ, ಜನ ಮೇಲಕ್ಕೆ ನಡೆಯುತ್ತಾರೆ.

ಇದನ್ನು ಮಾಡಿದ್ದು ನೀರುನಾಯಿಗಾಗಿ ಅಲ್ಲ, ಪ್ರವಾಹದ ನೀರಿಗಾಗಿ. ಆದರೆ ಇಳಿಜಾರಾದ ದಡ, ಹುಲ್ಲು, ಮರಳಿನ ದಿಬ್ಬ, ಬೇರಿನ ಸಂದಿ, ಕೊರತೆಯಿದ್ದ ಅಷ್ಟೂ ಒಂದೇ ಕಡೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅಲ್ಲೊಂದು ಕುಟುಂಬ ನೆಲೆಯೂರಿತು. ಹೊಳೆಯ ಕೆಳತುದಿಯಲ್ಲಿ 2008ರ ಮರೀನಾ ಅಣೆಕಟ್ಟು ಕೊಲ್ಲಿಯನ್ನು ಸಿಹಿನೀರಿನ ಜಲಾಶಯ ಮಾಡಿತ್ತು, ಅಲ್ಲಿ ಇನ್ನೊಂದು ಕುಟುಂಬ. ಇವೆರಡರ ನಡುವೆ ಗಡಿ ಜಗಳ ಹುಟ್ಟಿ, ಜಗಳದಲ್ಲಿ ಮರಿಗಳು ಸತ್ತು, ದಾಯಾದಿ ಕಲಹದ ಕಥೆಯನ್ನು ಇಡೀ ಊರು ಓದಿತು. 2020ರ ದಶಕದ ಆರಂಭದ ಎಣಿಕೆಯಲ್ಲಿ ದ್ವೀಪದಲ್ಲಿ ನೂರೈವತ್ತಕ್ಕೂ ಹೆಚ್ಚು ನೀರುನಾಯಿಗಳಿದ್ದವು.

ಒಂದು ವಯಸ್ಕ ಪ್ರಾಣಿ ದಿನಕ್ಕೆ ಸುಮಾರು ಒಂದು ಕಿಲೋ ಮೀನು ತಿನ್ನುತ್ತದೆ. ಕಾಲುವೆಯಲ್ಲಿ ಸಿಗುವುದು ಹೆಚ್ಚಾಗಿ ತಿಲಾಪಿಯದಂಥ ಹೊರನಾಡಿನ ಮೀನೇ, ಅದು ಕಡಿಮೆಯಾದರೆ ಒಳ್ಳೆಯದೇ. ತಕರಾರು ಬರುವುದು ಮನೆಯಂಗಳದ ಕೊಯ್ ಮೀನಿನ ಕೊಳಕ್ಕೆ ನುಗ್ಗಿದಾಗ. ಗೇಟು ಭದ್ರ ಮಾಡುತ್ತಾರೆ, ಆದರೆ ಅದು ಬಂದದ್ದು ಗೇಟಿನಿಂದಲ್ಲ, ರಸ್ತೆಯ ಮೋರಿಯಿಂದ. ಹಾಗಾಗಿ ಮನೆಯ ಚರಂಡಿ ರಸ್ತೆ ಮೋರಿಗೆ ಸೇರುವ ಬಾಯಿಗೆ ಮೊದಲು ಕಂಬಿ ಹಾಕಿಸಿ. ಗೇಟಿನ ಕೆಳಗಿನ ಸಂದಿ ಆಮೇಲೆ. ತಲೆ ತೂರಿದಲ್ಲಿ ಮೈ ತೂರುತ್ತದೆ, ಅಳತೆಗೆ ಅಷ್ಟು ನೆನಪಿಟ್ಟರೆ ಸಾಕು. ಕೊಳದ ಮೇಲೆ ಬಿಗಿಯಾದ ಲೋಹದ ಜಾಲರಿ ಇರಲಿ, ಸಡಿಲ ನೈಲಾನ್ ಬಲೆ ಹಾಕಿದರೆ ಮರಿ ಸಿಕ್ಕಿಬಿದ್ದು ಸಾಯುತ್ತದೆ. ಮರಿಗಳಿರುವ ಗುಂಪಿನ ಹತ್ತಿರ ಹೋಗಬೇಡಿ, ಓಡುವವರಿಗೆ ಕಚ್ಚಿದ್ದುಂಟು. ನಾಯಿಯಿದ್ದರೆ ಹಗ್ಗ ಗಿಡ್ಡ ಹಿಡಿಯಿರಿ.

ಇನ್ನು ಮಂಗಟ್ಟೆ. ದಾಂಡೇಲಿ ಕಂಡವರಿಗೆ ಈ ಹಕ್ಕಿಯ ಹತ್ತಿರದ ನೆಂಟ ಗೊತ್ತಿರುತ್ತದೆ: ಕಪ್ಪು ಮೈ, ಬಿಳಿ ಹೊಟ್ಟೆ, ಕೊಕ್ಕಿನ ಮೇಲೊಂದು ಕೊಕ್ಕು. ಸಿಂಗಪುರದಿಂದ ಇದು 19ನೇ ಶತಮಾನದ ನಡುವಿಗೇ ಹೋಗಿತ್ತು. 1994ರಲ್ಲಿ ಪುಲಾವ್ ಉಬಿನ್ ದ್ವೀಪದಲ್ಲಿ ಮತ್ತೆ ಕಾಣಿಸಿಕೊಂಡಿತು. ಆದರೆ ಸಂಖ್ಯೆ ಏರಲೇ ಇಲ್ಲ. ಹಣ್ಣಿತ್ತು, ಹುಳುವಿತ್ತು, ಮರವೂ ಇತ್ತು. ಪೊಟರೆ ಇರಲಿಲ್ಲ.

ಮಂಗಟ್ಟೆ ಮರಕುಟಿಗನಂತೆ ತಾನೇ ಮರ ಕೊರೆಯಲಾರದು. ಹಳೆಯ ದೊಡ್ಡ ಮರದ ಕೊಂಬೆ ಮುರಿದು, ಆ ಗಾಯ ಕೊಳೆತು, ವರ್ಷಗಟ್ಟಲೆ ಆದ ಮೇಲೆ ಆಗುವ ಪೊಟರೆಯೇ ಬೇಕು. ಹೆಣ್ಣು ಒಳಗೆ ಸೇರಿ ಮಣ್ಣು, ಹಿಕ್ಕೆ, ಹಣ್ಣಿನ ತಿರುಳಿನಿಂದ ಬಾಗಿಲನ್ನು ಮೆತ್ತಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಉಳಿಯುತ್ತದೆ. ಎರಡು ತಿಂಗಳಿಗೂ ಮೀರಿ ಗಂಡು ಆ ಸೀಳಿನಿಂದಲೇ ಉಣಿಸಬೇಕು. ನಗರದಲ್ಲಿ ಮರ ಲಕ್ಷಗಟ್ಟಲೆ, ಪೊಟರೆ ಬೆರಳೆಣಿಕೆ. ಕಾರಣ ಸರಳ. ರಸ್ತೆಬದಿಯ ಮರದ ಒಣಕೊಂಬೆ ಯಾರ ತಲೆಯ ಮೇಲಾದರೂ ಬಿದ್ದೀತೆಂದು ಮೊದಲೇ ಸವರುತ್ತಾರೆ, ಟೊಳ್ಳು ಮರವನ್ನು ಉರುಳಿಸಿಬಿಡುತ್ತಾರೆ. ಅದು ತಪ್ಪೆಂದು ಹೇಳಲಾಗದು, ಆದರೆ ಮಂಗಟ್ಟೆಯ ಮನೆ ಹೋಗುವುದು ಹಾಗೆಯೇ.

2000ದ ದಶಕದಲ್ಲಿ ಶುರುವಾದ ಯೋಜನೆಯಲ್ಲಿ ರಾಷ್ಟ್ರೀಯ ಉದ್ಯಾನ ಮಂಡಳಿ, ಜುರಾಂಗ್ ಪಕ್ಷಿಧಾಮ ಮತ್ತು ಸಂಶೋಧಕರು ಸೇರಿ ಮರದ ಪೆಟ್ಟಿಗೆಗಳನ್ನು ಕಟ್ಟಿದರು. ಕೆಲವಕ್ಕೆ ಒಳಗೆ ಕ್ಯಾಮೆರಾ, ತೂಕದ ಯಂತ್ರ. ಪೆಟ್ಟಿಗೆ ಎಂದಮೇಲೆ ಯಾವುದಾದರೂ ಡಬ್ಬಿ ಆದೀತು ಎನ್ನುವಂತಿಲ್ಲ. ಬಾಯಿ ಉದ್ದುದ್ದಕ್ಕೆ ಕಿರಿದಾಗಿರಬೇಕು, ಅಗಲವಾದರೆ ಹೆಣ್ಣು ಮೆತ್ತಿ ಮುಗಿಸಲಾರದೆ ಬಿಟ್ಟುಹೋಗುತ್ತದೆ. ಒಳನೆಲ ಬಾಯಿಯ ಅಂಚಿಗಿಂತ ಸ್ವಲ್ಪವೇ ಕೆಳಗಿರಬೇಕು, ಏಕೆಂದರೆ ಒಳಗೆ ಕೂತ ಹೆಣ್ಣಿನ ಕೊಕ್ಕಿಗೆ ಸೀಳು ಎಟುಕಬೇಕು, ಹೊರಗೆ ಹಾಕುವ ಹಿಕ್ಕೆಯೂ ಅಲ್ಲಿಂದಲೇ ಹೋಗಬೇಕು. ಕಾಡಿನ ಪೊಟರೆಗಳಲ್ಲೂ ಒಳಮರ ಕೊಳೆತು ನೆಲ ಕುಸಿದಾಗ ಹಕ್ಕಿ ಆ ಪೊಟರೆಯನ್ನು ತೊರೆಯುತ್ತದೆ. ಥಾಯ್ಲೆಂಡಿನಲ್ಲಿ ಅಂಥವಕ್ಕೆ ಮಣ್ಣು ತುಂಬಿ ನೆಲ ಏರಿಸಿ ಮತ್ತೆ ಹಕ್ಕಿ ಬರುವಂತೆ ಮಾಡಿದ್ದಾರೆ. ಗೋಡೆ ದಪ್ಪಗಿರಬೇಕು, ತೆಳು ಹಲಗೆಯಾದರೆ ಮಧ್ಯಾಹ್ನದ ಬಿಸಿಗೆ ಒಳಗೆ ಬೇಯುತ್ತದೆ. ಖಾಲಿ ಬಿದ್ದ ಪೆಟ್ಟಿಗೆಗೆ ಜೇನು ಬಂದು ಕೂರುವುದೂ ಉಂಟು, ಹಾಗಾಗಿ ಮರಿಮಾಡುವ ಕಾಲಕ್ಕೆ ಮುಂಚೆ ಒಮ್ಮೆ ಹತ್ತಿ ನೋಡಲೇಬೇಕು. ಕ್ಯಾಮೆರಾದಿಂದ ತಿಳಿದ ಒಂದು ಸಂಗತಿ ಎದೆ ಝಲ್ಲೆನ್ನಿಸುವಂಥದ್ದು: ಕೆಲವೊಮ್ಮೆ ಕೊನೆಗೆ ಒಡೆದ ಸಣ್ಣ ಮರಿಯನ್ನು ತಾಯಿಯೇ ಕೊಂದು ಉಳಿದವಕ್ಕೆ ತಿನ್ನಿಸುತ್ತದೆ.

ಇಂದು ಮಂಗಟ್ಟೆಗಳು ನೂರಕ್ಕೂ ಹೆಚ್ಚಿವೆ. ಪಾರ್ಕಿನ ಅಲಂಕಾರದ ತಾಳೆಗಳ ಹಣ್ಣು, ಅತ್ತಿ ಆಲದ ಜಾತಿಯ ಹಣ್ಣು ತಿನ್ನುತ್ತವೆ. ಹಣ್ಣಿಗೇ ನಿಲ್ಲುವುದಿಲ್ಲ. ಗೂಡಿನ ಮೊಟ್ಟೆ, ಮರಿ, ಹಲ್ಲಿ ಎಲ್ಲ ನಡೆಯುತ್ತದೆ. ಕಾರಿಡಾರಿನಲ್ಲಿ ತೂಗುಹಾಕಿದ ಪಂಜರದ ಹಕ್ಕಿಯನ್ನು ಕಂಬಿಯ ನಡುವಿಂದ ಎಳೆದದ್ದೂ ಇದೆ. ಬಾಲ್ಕನಿಯಲ್ಲಿ ಹಕ್ಕಿ ಸಾಕಿದವರು ಪಂಜರವನ್ನು ಒಳಗಿಡುವುದೊಂದೇ ಉಪಾಯ.

ಮೂರನೆಯ ಕೊರತೆ ದಾರಿಯದು. ಬುಕಿತ್ ತಿಮಾ ಗುಡ್ಡವನ್ನೂ ಜಲಾಶಯಗಳ ಸುತ್ತಲಿನ ನಡುಕಾಡನ್ನೂ 1986ರಲ್ಲಿ ಒಂದು ಹೆದ್ದಾರಿ ಸೀಳಿತು. ಗುಡ್ಡದ ಕಡೆ ಉಳಿದಿದ್ದ ರಾಫಲ್ಸ್ ಪಟ್ಟೆ ಮುಸುವಗಳಲ್ಲಿ ಕೊನೆಯದು 1987ರಲ್ಲಿ ನಾಯಿಗಳ ಬಾಯಿಗೆ ಬಿತ್ತು. ಮುಸುವ ಮರದ ಮೇಲಿನ ಪ್ರಾಣಿ. ಎರಡು ಮರದ ನಡುವೆ ಹಾರಲಾಗದಷ್ಟು ಅಂತರವಾದರೆ ನೆಲಕ್ಕಿಳಿಯಲೇಬೇಕು, ನೆಲದಲ್ಲಿ ನಾಯಿ, ಕಾರು. ಈಗ ಸಿಂಗಪುರದಲ್ಲಿ ಉಳಿದಿರುವುದು ನೂರರೊಳಗೆ.

ಹೆದ್ದಾರಿಯ ಮೇಲೆ 2013ರಲ್ಲಿ ಇಕೊ ಲಿಂಕ್ ಎಂಬ ಹಸಿರು ಸೇತುವೆ ಕಟ್ಟಿದರು. ಉದ್ದ 62 ಮೀಟರ್. ಆಕಾರ ಡಮರುವಿನದು: ಎರಡು ತುದಿ ಅಗಲ, ನಡು 50 ಮೀಟರ್. ತುದಿ ಅಗಲ ಇರುವುದು ಕಾಡಂಚಿನಲ್ಲಿ ಅಡ್ಡಾಡುವ ಪ್ರಾಣಿಯನ್ನು ಲಾಳಿಕೆಯಂತೆ ಒಳಗೆ ತರುವುದಕ್ಕೆ. ನಡುಭಾಗ ಇನ್ನೂ ಕಿರಿದಾಗಿದ್ದರೆ ವಾಹನದ ಸದ್ದು, ಬೆಳಕು ಎರಡೂ ಮಗ್ಗುಲಿಂದ ನುಗ್ಗಿ ಪ್ರಾಣಿ ಹಿಂದಿರುಗುತ್ತಿತ್ತು. ಅಂಚಿನಲ್ಲಿ ದಟ್ಟ ಪೊದೆ, ನಡುವೆ ಮರ, ಎಲ್ಲ ಈ ನಾಡಿನವೇ. ಚಿಪ್ಪುಹಂದಿ, ಮರಬೆಕ್ಕು ದಾಟಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಜನರಿಗೆ ಪ್ರವೇಶವಿಲ್ಲ. ಇರಬಾರದು ಕೂಡ, ಹಗಲು ಜನ ನಡೆದ ವಾಸನೆಗೇ ರಾತ್ರಿಯ ಪ್ರಾಣಿ ಹಿಂದೆ ಸರಿಯುತ್ತದೆ.

ಆದರೆ ಮರದ ಮೇಲಿನವಕ್ಕೆ ಸೇತುವೆ ಕಟ್ಟಿದ ದಿನವೇ ಉಪಯೋಗವಿಲ್ಲ, ನೆಟ್ಟ ಸಸಿ ಮರವಾಗುವತನಕ ಕಾಯಬೇಕು. ಕೊಲುಗೊ ಎಂಬ ಪ್ರಾಣಿ ಇಲ್ಲಿದೆ. ನಮ್ಮ ಮಲೆನಾಡಿನ ಹಾರುಬೆಕ್ಕನ್ನು ಹೋಲುತ್ತದೆ, ಕುಲ ಬೇರೆ. ಕತ್ತಿನಿಂದ ಬಾಲದ ತುದಿವರೆಗೂ ಚರ್ಮ ಹರಡಿ ನೂರು ಮೀಟರಿಗೂ ಮೀರಿ ತೇಲಬಲ್ಲದು. ಆದರೆ ತೇಲುವುದೆಂದರೆ ಎತ್ತರ ಕಳೆದುಕೊಳ್ಳುವುದು. ಹೊರಡುವ ಮರ ಎತ್ತರವಿರಬೇಕು, ಇಳಿಯುವ ಕಡೆ ಹತ್ತಲು ಕಾಂಡ ಇರಬೇಕು. ನೆಲದ ಮೇಲೆ ಅದಕ್ಕೆ ನಡೆಯಲು ಬಾರದು ಎಂದರೂ ಸರಿಯೇ. ಮುಸುವಗಳಿಗಾಗಿ ಹಳೆಯ ಅಪ್ಪರ್ ಥಾಮ್ಸನ್ ರಸ್ತೆಯ ಮೇಲೆ ಹಗ್ಗದ ಸೇತುವೆಗಳನ್ನು ಕಟ್ಟಿದ್ದಾರೆ, ಅವು ಬಳಸಿಯೂ ಇವೆ. ಹಗ್ಗದ ತುದಿ ಖಾಲಿ ಕಂಬಕ್ಕಲ್ಲ, ಅವು ದಿನಾ ಓಡಾಡುವ ಮರದ ಹರೆಗೇ ತಾಗಬೇಕು. ಇಷ್ಟು ತಪ್ಪಿದರೂ ವರ್ಷಗಟ್ಟಲೆ ಯಾವುದೂ ಹಗ್ಗ ಹತ್ತುವುದಿಲ್ಲ.

ದೊಡ್ಡ ಪ್ರಾಣಿಗಳ ಗದ್ದಲದಲ್ಲಿ ಒಂದು ಏಡಿಯನ್ನು ಮರೆಯುವುದು ಸುಲಭ. ಜೊಹೊರಾ ಸಿಂಗಪೊರೆನ್ಸಿಸ್, 1986ರಲ್ಲಿ ಹೆಸರು ಪಡೆದದ್ದು, ಚಿಪ್ಪು ಸುಮಾರು ಮೂರು ಸೆಂಟಿಮೀಟರ್. ಇಡೀ ಜಗತ್ತಿನಲ್ಲಿ ಈ ದ್ವೀಪದ ಕೆಲವು ಗುಡ್ಡದ ತೊರೆಗಳಲ್ಲಷ್ಟೇ ಇದೆ. ಇದಕ್ಕೆ ಬೇಕಾದದ್ದು ತಂಪಾಗಿ ಸದಾ ಹರಿಯುವ, ಹುಳಿ ಹೆಚ್ಚಿಲ್ಲದ ನೀರು. ಬುಕಿತ್ ತಿಮಾದ ತೊರೆಯ ನೀರು ಹುಳಿಯಾಗುತ್ತ ಹೋದ ಹಾಗೆ ಅಲ್ಲಿಂದ ಮಾಯವಾಯಿತು. ಸೇತುವೆ, ಪೆಟ್ಟಿಗೆ ಯಾವುದರಿಂದಲೂ ಬಗೆಹರಿಯದ ಕೊರತೆ ಇದು. ಹಿಡಿದು ಸಾಕಿ ಮರಿಮಾಡಿಸಿ ಬೇರೆ ತೊರೆಗೆ ಬಿಡುವ ಕೆಲಸ ನಡೆದಿದೆ.

ಈಗ ಊಟದ ವಿಷಯ. 2020ರ ಜೂನಿನಿಂದ ಜಾರಿಯಲ್ಲಿರುವ ವನ್ಯಜೀವಿ ಕಾಯ್ದೆಯ ಪ್ರಕಾರ ದ್ವೀಪದ ಯಾವ ಮೂಲೆಯಲ್ಲೂ ಕಾಡುಜೀವಿಗೆ ತಿನ್ನಲು ಹಾಕುವಂತಿಲ್ಲ. ಮೊದಲ ಸಲಕ್ಕೆ 5,000 ಸಿಂಗಪುರ ಡಾಲರ್ ತನಕ, ಮತ್ತೆ ಮಾಡಿದರೆ 10,000 ಡಾಲರ್ ತನಕ ದಂಡ. ಪಾರಿವಾಳವೂ ಇದರಲ್ಲಿ ಸೇರಿದೆ, ಕಾಗೆಯೂ ಸೇರಿದೆ. ಶ್ರಾದ್ಧದ ದಿನ ವಸತಿ ಬ್ಲಾಕಿನ ಕೆಳಗಿನ ಹುಲ್ಲಿನಲ್ಲಿ ಕಾಗೆಗೆಂದು ಪಿಂಡ ಇಟ್ಟು ಬರುವವರು ಇದನ್ನು ತಿಳಿದಿರಲಿ. ಇನ್ನೊಂದು ಮಾತು: ಇಲ್ಲಿನ ಊರುಕಾಗೆ ಇಲ್ಲಿಯದಲ್ಲ, ನಮ್ಮ ಕಡೆಯದು. 1890ರ ದಶಕದಲ್ಲಿ ಮಲಯದ ಕ್ಲಾಂಗಿಗೆ ಕಾಫಿ ತೋಟದ ಕಂಬಳಿಹುಳು ತಿನ್ನಲಿ ಎಂದು ತರಿಸಿದ ಹಕ್ಕಿ. ಅದರ ಗೂಡನ್ನು ನಂಬಿ ಕೋಗಿಲೆಯೂ ಇಲ್ಲಿ ನೆಲೆನಿಂತಿತು. ಮೊದಲು ಚಳಿಗಾಲದ ಅತಿಥಿಯಷ್ಟೇ ಆಗಿತ್ತು. ವಸಂತವೇ ಇಲ್ಲದ ಊರಲ್ಲಿ ಬೆಳಗಿನ ಜಾವ ಐದಕ್ಕೆ ಕೂಗುವ ಕೋಗಿಲೆಯ ಮೇಲೆ ನಿದ್ದೆಗೆಟ್ಟವರು ದೂರು ಕೊಡುತ್ತಾರೆ.

ಉದ್ದ ಬಾಲದ ಕೋತಿಗೆ ಬಿಸ್ಕತ್ತು ಕೊಟ್ಟವರು ಅದಕ್ಕೆ ಕಲಿಸಿದ ಪಾಠ ಒಂದೇ, ಪ್ಲಾಸ್ಟಿಕ್ ಚೀಲದ ಸರಬರ ಅಂದರೆ ಊಟ. ಮರುದಿನ ಬೇರೆ ಯಾರದೋ ಕೈಯ ಚೀಲವನ್ನು ಅದು ಕಿತ್ತುಕೊಳ್ಳುತ್ತದೆ. ಕಾಡಂಚಿನ ದಾರಿಯಲ್ಲಿ ಸಾಮಾನನ್ನು ಬೆನ್ನಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಓಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ. ಹಲ್ಲು ಕಿರಿದರೆ ನಗುವಲ್ಲ.

ಹಾವಿನ ಬಗ್ಗೆ ಚಿಕ್ಕದಾಗಿ. ಮೋರಿಯಲ್ಲಿ ಮಲಗಿರುವ ಜಾಲ ಹೆಬ್ಬಾವಿಗೆ ಮೋರಿಯೇ ಮನೆ, ಇಲಿಯೇ ಊಟ, ಅಲ್ಲಿದ್ದರೆ ಬಿಡಿ. ಮನೆಯೊಳಗೆ ಬಂದರೆ ಕೋಣೆಯ ಬಾಗಿಲು ಹಾಕಿ, ಕೆಳಸಂದಿಗೆ ಟವೆಲ್ ತುರುಕಿ, ಉದ್ಯಾನ ಮಂಡಳಿಗೋ ವನ್ಯಜೀವಿ ರಕ್ಷಣಾ ಸಂಸ್ಥೆಗೋ ಫೋನ್ ಮಾಡಿ. ವಿಷ ಉಗುಳುವ ನಾಗರವೂ ಇಲ್ಲಿದೆ. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಹರಿಯುವ ನೀರಿನಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ತೊಳೆದು ನೇರ ಆಸ್ಪತ್ರೆಗೆ. ತಾರಸಿಯ ಕೆಳಗೆ ಮರಬೆಕ್ಕು ಮರಿ ಹಾಕಿದ್ದರೆ ಅವು ಬೆಳೆದು ಹೊರಡುವತನಕ ತಡೆದು, ಆಮೇಲೆ ಸಂದಿ ಮುಚ್ಚಿ, ಚಾವಣಿಗೆ ತಾಗುವ ಕೊಂಬೆ ಸವರಿ. ಬೋನಿಟ್ಟು ಹಿಡಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಕೊನೆಯದು ಗಾಜು. ಅಕ್ಟೋಬರ್, ನವೆಂಬರಿನಲ್ಲಿ ಉತ್ತರದಿಂದ ವಲಸೆ ಬರುವ ನೀಲಿ ರೆಕ್ಕೆಯ ನವರಂಗದಂಥ ಹಕ್ಕಿಗಳು ರಾತ್ರಿ ಹಾರುತ್ತವೆ, ಗೋಪುರಗಳ ಬೆಳಕಿಗೆ ದಾರಿ ತಪ್ಪಿ ಗಾಜಿಗೆ ಬಡಿಯುತ್ತವೆ. ಇಲ್ಲಿಯದೇ ಆದ ಪಚ್ಚೆ ಪಾರಿವಾಳ ಹಗಲಲ್ಲೇ, ಗಾಜಿನಲ್ಲಿ ಮೂಡಿದ ಮರವನ್ನು ನಿಜವೆಂದು ನಂಬಿ ಬಡಿಯುತ್ತದೆ. ಕಿಟಕಿಗೆ ಒಂದು ಗಿಡುಗದ ಚಿತ್ರ ಅಂಟಿಸಿದರೆ ಪ್ರಯೋಜನವಿಲ್ಲ, ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಹೊಡೆದುಕೊಳ್ಳುತ್ತದೆ. ಚುಕ್ಕಿಯೋ ಗೆರೆಯೋ ಇಡೀ ಗಾಜಿನ ತುಂಬ, 5 ಸೆಂ.ಮೀ.ಗಿಂತ ಹೆಚ್ಚು ಅಂತರ ಬಿಡದೆ, ಹೊರಮೈಗೆ ಅಂಟಿಸಬೇಕು. ಒಳಮೈಗೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಅದನ್ನು ಮುಚ್ಚಿಹಾಕುತ್ತದೆ.

ಬೆಳಗ್ಗೆ ಕಟ್ಟೆಯ ಮೇಲೆ ಬಿದ್ದ ಹಕ್ಕಿ ಸಿಕ್ಕರೆ ಒಂದು ರಟ್ಟಿನ ಪೆಟ್ಟಿಗೆ ಹುಡುಕಿ, ಪೆನ್ನಿನಿಂದ ಏಳೆಂಟು ತೂತು ಮಾಡಿ, ತಳಕ್ಕೆ ಹಳೆಯ ಬಟ್ಟೆ ಹಾಸಿ. ಹಕ್ಕಿಯ ಮೇಲೆ ಟವೆಲ್ ಹೊದಿಸಿ ರೆಕ್ಕೆ ಸೇರಿಸಿ ಎತ್ತಿ ಒಳಗಿಡಿ, ಮುಚ್ಚಳ ಮುಚ್ಚಿ. ನೀರು ಬಾಯಿಗೆ ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅನ್ನವೂ ಬೇಡ. ಕತ್ತಲಾದ, ಸದ್ದಿಲ್ಲದ ಕಡೆ ಒಂದೆರಡು ಗಂಟೆ ಇಡಿ, ನಡುನಡುವೆ ತೆಗೆದು ನೋಡಬೇಡಿ. ಆಮೇಲೆ ಗಾಜಿನಿಂದ ದೂರ, ಮರಗಳಿರುವ ಕಡೆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಹಾರಲಿಲ್ಲವೇ, ಅಥವಾ ಒಂದು ರೆಕ್ಕೆ ಜೋತುಬಿದ್ದಿದೆಯೇ, ಮತ್ತೆ ಮುಚ್ಚಿ ವನ್ಯಜೀವಿ ರಕ್ಷಣಾ ಸಂಸ್ಥೆಗೆ ಫೋನ್ ಮಾಡಿ.